ಆರಾಧನೆಗೆ ಮುನ್ನ ತಂತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪುಷ್ಯ ಮಾಸ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧ ಆರಾಧನೆಯದು, ಅರ್ಧ ತಂತಿಯದು. ಈ ಸಲ ಎರಡನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಧಾಟಿಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ತ್ಯಾಗರಾಜರು ತೀರಿಕೊಂಡದ್ದು ಜನವರಿ 6 ಎಂದು ಓದಿದ್ದೇವೆ. ಆದರೆ ಆರಾಧನೆ ಒಂದು ವರ್ಷ 18ಕ್ಕೆ, ಮರುವರ್ಷ 7ಕ್ಕೆ ಬರುತ್ತದೆ. ಸಭಾಂಗಣ ಆರು ತಿಂಗಳು ಮೊದಲೇ ಗೊತ್ತು ಮಾಡಬೇಕು. ಲೆಕ್ಕ ಹೇಗೆ? ಪುರಂದರದಾಸರ ಆರಾಧನೆಯನ್ನೂ ಅದರೊಂದಿಗೇ ಮಾಡಬಹುದೇ? (ಶಿವಮೊಗ್ಗ)

ಆರಾಧನೆ ನಡೆಯುವುದು ತಿಥಿಯ ಮೇಲೆ. 1847ರ ಜನವರಿ 6ರಂದು ಇದ್ದದ್ದು ಪುಷ್ಯ ಬಹುಳ ಪಂಚಮಿ. ತಿರುವೈಯಾರಿನಲ್ಲಿಯೂ ಬೇರೆಲ್ಲ ಕಡೆಯೂ ಆಚರಿಸುವುದು ಆ ಪಂಚಮಿಯನ್ನು. ಚಾಂದ್ರಮಾನ ವರ್ಷ ಸುಮಾರು 354 ದಿನದ್ದಾದ್ದರಿಂದ ತಿಥಿ ಪ್ರತಿ ವರ್ಷ 11 ದಿನದಷ್ಟು ಹಿಂದೆ ಸರಿಯುತ್ತದೆ. ನಡುವೆ ಅಧಿಕ ಮಾಸ ಬಂದರೆ ಒಮ್ಮೆಲೇ 19–20 ದಿನ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ಆರಾಧನೆ ಜನವರಿ 18ಕ್ಕೆ, 2026ರಲ್ಲಿ ಜನವರಿ 7ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರದು ಜನವರಿ ಕೊನೆಯ ವಾರಕ್ಕೆ ಜಿಗಿಯುತ್ತದೆ.

ಪುರಂದರದಾಸರದು ಅದೇ ಪುಷ್ಯ ಬಹುಳದ ಅಮಾವಾಸ್ಯೆ. ಅವರು ತೀರಿಕೊಂಡದ್ದು 1564ರಲ್ಲಿ. ಅಂದರೆ ಪಂಚಮಿಯಿಂದ ಹತ್ತು ತಿಥಿ, ದಿನದ ಲೆಕ್ಕದಲ್ಲಿ ಹತ್ತೋ ಹನ್ನೊಂದೋ, ಎಣಿಸಿದರೆ ದಾಸರ ದಿನ. 2025ರಲ್ಲಿ ಅದು ಜನವರಿ 29, 2026ರಲ್ಲಿ ಜನವರಿ 18. ದಾಸರ ದಿನಕ್ಕೆ ಹಂಪಿಗೇ ಹೋಗುವುದಾದರೆ, ಅಲ್ಲಿನ ಪುರಂದರ ಮಂಟಪ ತುಂಗಭದ್ರೆಯ ಅಂಚಿನಲ್ಲೇ ಇದೆ, ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಳುಗುವುದೂ ಉಂಟು. ಪುಷ್ಯದಲ್ಲಿ ಆ ತೊಂದರೆ ಇಲ್ಲ.

ಎರಡನ್ನೂ ಒಂದೇ ದಿನಕ್ಕೆ ತುರುಕುವುದು ನಮಗೆ ಸರಿಕಾಣದು. ಪೂಜೆ ಮತ್ತು ಉಂಛವೃತ್ತಿಯನ್ನು (ಹಾಡುತ್ತ ಭಿಕ್ಷೆ ಬೇಡುವ ವಿಧಿ) ಆಯಾ ತಿಥಿಯಂದು ಬೆಳಿಗ್ಗೆ ಚಿಕ್ಕದಾಗಿ ಮುಗಿಸಿ, ಗೋಷ್ಠಿಗಾಯನವನ್ನು ನಡುವಿನ ಭಾನುವಾರಕ್ಕೆ ಇಟ್ಟುಕೊಳ್ಳಿ. ಬಹಳ ಸಭೆಗಳು ಮಾಡುವುದು ಹೀಗೆಯೇ. ಸಭಾಂಗಣಕ್ಕೆ ಆ ಭಾನುವಾರ ಹೇಳಿಡಿ. ಪಂಚಮಿ ಎರಡು ದಿನಕ್ಕೆ ಹರಡಿದ ವರ್ಷ ಪಂಚಾಂಗ ಬಲ್ಲವರನ್ನು ಕೇಳಿಯೇ ದಿನ ಅಚ್ಚು ಹಾಕಿಸಿ. ಕರಪತ್ರದಲ್ಲಿ ಒಂದು ಸಾಲು ಹೆಚ್ಚು ಹಾಕುವಷ್ಟು ಜಾಗವಿದ್ದರೆ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯಿರಿ. ನಂಜನಗೂಡಿನಲ್ಲಿ ಹುಟ್ಟಿದ ಆಕೆ ತಮ್ಮ ಗಳಿಕೆಯನ್ನು ಸುರಿದು ತಿರುವೈಯಾರಿನ ಸಮಾಧಿ ಮಂದಿರ ಕಟ್ಟಿಸಿದ್ದರಿಂದಲೇ ಇವತ್ತಿನ ಆರಾಧನೆಗೆ ಒಂದು ನೆಲೆ ಇದೆ.

ನಮ್ಮ ಗೋಷ್ಠಿಯಲ್ಲಿ 4 ವೀಣೆ, 5 ಪಿಟೀಲು, 2 ತಂಬೂರಿ. ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿಗೆ ಮುನ್ನ ತಂತಿ ಯಾವಾಗ ಬದಲಿಸಬೇಕು, ಹೆಚ್ಚುವರಿ ಎಷ್ಟು ಇಟ್ಟುಕೊಳ್ಳಬೇಕು? (ಹಾಸನ)

ಹಿಂದಿನ ದಿನ ಮಾತ್ರ ಬೇಡ. ಬರಿಯ ಉಕ್ಕಿನ ತಂತಿ ಹಾಕಿದ ಮೇಲೆ ಎರಡು ಮೂರು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ತಂತಿ ಸ್ವಲ್ಪ ಹಿಗ್ಗುವುದಕ್ಕಿಂತ ಬಿರಡೆಯ ಸುತ್ತು ಮತ್ತು ಲಂಗರಿನ (ತಂತಿಯ ಕೆಳತುದಿಯನ್ನು ಹಿಡಿಯುವ ಕೊಂಡಿ) ಕುಣಿಕೆ ಬಿಗಿಯಾಗಿ ಕೂರುವುದೇ ಇದಕ್ಕೆ ಕಾರಣ. ಉಕ್ಕಿನ ಮೇಲೆ ಬೇರೆ ಲೋಹ ಸುತ್ತಿದ ಸುತ್ತು ತಂತಿಗೆ ನಾಲ್ಕೈದು ದಿನ, ಪಿಟೀಲಿನ ಸಿಂಥೆಟಿಕ್ ತಂತಿಗೆ ಒಂದು ವಾರ ಬೇಕು. ಹಾಗಾಗಿ ಹತ್ತು ದಿನ ಮುಂಚೆ ಬದಲಿಸಿ, ದಿನವೂ ಅರ್ಧ ಗಂಟೆ ನುಡಿಸಿ.

ಹೆಚ್ಚುವರಿ ಲೆಕ್ಕ: ಪ್ರತಿ ವೀಣೆಗೆ ಎರಡು ಸಾರಣಿ (ನುಡಿಸುವ ಮೊದಲ ತಂತಿ), ಒಂದು ಪಂಚಮ (ಎರಡನೆಯದು). ನಾಲ್ಕು ವೀಣೆಗೂ ಸೇರಿ ಮಂದ್ರ, ಅನುಮಂದ್ರ ಒಂದೊಂದು ಸಾಕು, ಅವು ಅಷ್ಟು ಸುಲಭವಾಗಿ ತುಂಡಾಗುವುದಿಲ್ಲ. ಪ್ರತಿ ಪಿಟೀಲಿಗೆ ಮೊದಲನೆಯ ತಂತಿ ಒಂದು, ಐದಕ್ಕೂ ಸೇರಿ ಎರಡನೆಯದು ಎರಡು. ತಂಬೂರಿಗೆ ಒಂದೊಂದು ಪೂರ್ತಿ ಸೆಟ್, ಝೇಂಕಾರಕ್ಕೆಂದು ತಂತಿಯಡಿ ಸೇರಿಸುವ ಜೀವದ ದಾರ. ಇವುಗಳ ಜೊತೆ ಚೂಪು ಮೂತಿಯ ಇಕ್ಕಳ, ತಂತಿ ಕತ್ತರಿ, ಮೆದು ಪೆನ್ಸಿಲ್, ಸೀಮೆಸುಣ್ಣದ ತುಂಡು. ಇಷ್ಟನ್ನೂ ಒಂದೇ ಡಬ್ಬಿಯಲ್ಲಿ ಹಾಕಿ, ವೇದಿಕೆಯ ಪಕ್ಕ ಕೂರುವ ಒಬ್ಬರ ಕೈಗೆ ಕೊಡಿ.

ಒಂದು ಅನುಕೂಲವಿದೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಐದು ರಾಗಕ್ಕೂ ಪಂಚಮ ಇದೆ, ಐದು ಕೃತಿಯೂ ಆದಿತಾಳ. ಒಮ್ಮೆ ಶ್ರುತಿ ಕೂಡಿಸಿಕೊಂಡರೆ ಕೊನೆಯವರೆಗೆ ತಂಬೂರಿಯನ್ನು ಮಧ್ಯಮಕ್ಕೆ ಇಳಿಸುವ ಪ್ರಮೇಯ ಬಾರದು. ಆದರೂ ಗೌಳ ಮುಗಿದ ಮೇಲೆ ಅರ್ಧ ನಿಮಿಷ ನಿಂತು ಎಲ್ಲರೂ ಶ್ರುತಿ ನೋಡಿಕೊಳ್ಳುವುದು ಒಳ್ಳೆಯದು; ಹೊಸ ತಂತಿ ಇಳಿಯುವುದು ನುಡಿಸಿ ಬಿಸಿಯಾದ ಮೇಲೆಯೇ.

ವೀಣೆಯ ತಂತಿ ಕೇಳಿದರೆ ಅಂಗಡಿಯವರು "ಎಷ್ಟು ನಂಬರ್" ಎನ್ನುತ್ತಾರೆ. ಒಬ್ಬೊಬ್ಬರು ಒಂದೊಂದು ನಂಬರ್ ಹೇಳುತ್ತಾರೆ. ಸಿದ್ಧ ಸೆಟ್ ಕೊಂಡರೆ ಸಾಲದೇ? (ಮೈಸೂರು)

ಸಿದ್ಧ ಸೆಟ್ ತಪ್ಪೇನಲ್ಲ. ಆದರೆ ಅದನ್ನು ಯಾವ ಶ್ರುತಿಗೆ, ಯಾವ ಉದ್ದದ ವೀಣೆಗೆ ಕಟ್ಟಿದ್ದಾರೆಂದು ಪೊಟ್ಟಣದ ಮೇಲೆ ಬರೆದಿರುವುದು ಅಪರೂಪ. ನಿಮ್ಮ ವೀಣೆಗೆ ಹೊಂದುವ ದಪ್ಪವನ್ನು ಒಮ್ಮೆ ಗೊತ್ತು ಮಾಡಿಕೊಂಡು ಬರೆದಿಟ್ಟುಕೊಳ್ಳಿ, ಆಮೇಲೆ ಯಾವ ಅಂಗಡಿಯಾದರೂ ಆದೀತು.

ಅಂಗಡಿಯ ನಂಬರು ಸಾಮಾನ್ಯವಾಗಿ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಗೇಜು. ಇದರಲ್ಲಿ ನಂಬರ್ ಹೆಚ್ಚಿದಷ್ಟೂ ತಂತಿ ತೆಳು. 24 ಎಂದರೆ 0.56 ಮಿ.ಮೀ., 25 ಎಂದರೆ 0.51, 26ಕ್ಕೆ 0.46, 27ಕ್ಕೆ 0.42, 28ಕ್ಕೆ 0.38, 30ಕ್ಕೆ 0.315, 32ಕ್ಕೆ 0.27. ಪಿಯಾನೊ ತಂತಿಗೆ ಬೇರೆಯದೇ ಗೇಜ್ ಇದೆ, ಅಲ್ಲಿ ನಂಬರ್ ಹೆಚ್ಚಿದರೆ ದಪ್ಪವೂ ಹೆಚ್ಚು. ಹೊರದೇಶದ ಉಕ್ಕಿನ ತಂತಿ ತರಿಸುವವರು ಎಡವುವುದು ಇಲ್ಲಿಯೇ. ಗೊಂದಲವೇ ಬೇಡವೆಂದರೆ ಮಿಲಿಮೀಟರಿನಲ್ಲಿ ಕೇಳಿ.

ಮೂರು ಮನೆಯ (ಹಾರ್ಮೋನಿಯಂ ಮನೆಯ ಲೆಕ್ಕ: ಒಂದು ಎಂದರೆ ಸಿ, ಮೂರು ಇ, ಐದು ಜಿ) ಆಸುಪಾಸಿನ ಶ್ರುತಿಯ, ಮೇರುವಿನಿಂದ (ಬಿರಡೆಯ ಕಡೆ ತಂತಿ ಕೂರುವ ಕಟ್ಟು) ಕುದುರೆಗೆ 80–84 ಸೆಂ.ಮೀ. ಇರುವ ವೀಣೆಗೆ ಸಾರಣಿ 27 ಅಥವಾ 28, ಪಂಚಮ 24 ಅಥವಾ 25, ಎರಡೂ ಬರಿಯ ಉಕ್ಕು. ಮಂದ್ರ ಮತ್ತು ಅನುಮಂದ್ರಕ್ಕೆ ಸುತ್ತು ತಂತಿ. ತಾಳದ ಮೂರು ತಂತಿಗೆ 30ರಿಂದ 32ರೊಳಗೆ, ಅವುಗಳಲ್ಲಿ ಅತಿ ಮೇಲಿನ ಶ್ರುತಿಯ 'ಹೆಚ್ಚು ಸಾರಣಿ'ಗೆ ಅತಿ ತೆಳುವಾದದ್ದು. 27ರ ಸಾರಣಿ ಮೂರು ಮನೆಗೆ ಏರಿದಾಗ ಅದರ ಮೇಲಿನ ಬಿಗಿ ಸುಮಾರು 8 ಕಿಲೊ. 28ಕ್ಕೆ ಬದಲಿಸಿದರೆ ಆರೂವರೆಯ ಹತ್ತಿರ. ಬೆರಳು ನೋಯುವ ಹೊಸ ವಿದ್ಯಾರ್ಥಿಗೆ 28 ಹಾಕಿಕೊಡಿ. ಒಂದೇ ಮೆಟ್ಟಿಲ ಮೇಲೆ ನಾಲ್ಕು ಸ್ವರ ಎಳೆದು ಗಮಕ ತೆಗೆಯುವ ಕೈಗೆ 27 ಹೆಚ್ಚು ಹಿಡಿತ ಕೊಡುತ್ತದೆ, ನಾದವೂ ತುಂಬಿಕೊಂಡಿರುತ್ತದೆ. ಹಿಂದೆ ಮಂದ್ರಕ್ಕೂ ಅನುಮಂದ್ರಕ್ಕೂ ಬರಿಯ ಹಿತ್ತಾಳೆ ತಂತಿ ಹಾಕುತ್ತಿದ್ದರು. ಅಷ್ಟು ತಗ್ಗಿನ ಸ್ಥಾಯಿಗೆ ಬರಿಯ ತಂತಿ ಒಂದು ಮಿಲಿಮೀಟರಿಗೆ ಸಮೀಪದ ದಪ್ಪವಿರಬೇಕು. ಅಷ್ಟು ದಪ್ಪದ ಸರಿಗೆ ಕಡ್ಡಿಯಂತೆ ಬಿರುಸಾಗಿ ನಾದ ಮಂಕಾಗುತ್ತದೆ. ತೆಳು ಉಕ್ಕಿನ ಮೇಲೆ ತಾಮ್ರವನ್ನೋ ಕಂಚನ್ನೋ ಸುತ್ತಿದರೆ ತೂಕ ಬರುತ್ತದೆ, ಬಿರುಸು ಬರುವುದಿಲ್ಲ.

ಕೈಯಲ್ಲಿರುವ ಹಳೆಯ ತಂತಿಯ ದಪ್ಪ ಅಳೆಯಲು ಸ್ಕ್ರೂಗೇಜ್ ಇದ್ದರೆ ಸರಿ. ಅಗ್ಗದ ಡಿಜಿಟಲ್ ಕ್ಯಾಲಿಪರ್ ನಂಬಬೇಡಿ; 29ಕ್ಕೂ 30ಕ್ಕೂ ಇರುವ ಅಂತರವೇ 0.03 ಮಿ.ಮೀ., ಅದರ ತಪ್ಪೂ ಹೆಚ್ಚುಕಡಿಮೆ ಅಷ್ಟೇ. ಏನೂ ಇಲ್ಲದಿದ್ದರೆ ಪೆನ್ಸಿಲ್ಲಿಗೆ ತಂತಿಯನ್ನು ಒಂದಕ್ಕೊಂದು ತಾಗುವಂತೆ 20 ಸುತ್ತು ಸುತ್ತಿ, ಸುತ್ತಿದ ಅಗಲವನ್ನು ಸ್ಕೇಲಿನಲ್ಲಿ ಅಳೆದು 20ರಿಂದ ಭಾಗಿಸಿ. 6 ಮಿ.ಮೀ. ಬಂದರೆ ತಂತಿ 0.30.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಸುರುಳಿ ಅಗಲವಾಗಿರಬೇಕು, ಚಿಕ್ಕದಾಗಿ ಮಡಿಸಿಟ್ಟ ತಂತಿಯಲ್ಲಿ ಮುರುಕು ಉಳಿಯುತ್ತದೆ, ಆ ಜಾಗದಲ್ಲೇ ಮುಂದೆ ತುಂಡಾಗುತ್ತದೆ. ಉಕ್ಕಿನ ಮೇಲೆ ಬೂದು ಚುಕ್ಕೆ ಕಂಡರೆ ತುಕ್ಕು ಹಿಡಿಯತೊಡಗಿದೆ ಎಂದೇ ಅರ್ಥ, ಬೇಡ. ಒಂದು ತುದಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಮೀಟಿ: ನಡುವೆ ಎರಡು ಸ್ಪಷ್ಟ ಗೆರೆ ಕಾಣುತ್ತವೆ. ಗೆರೆ ಮೂರಾಗಿಯೋ ಕಲಕಿದ ಹಾಗೆಯೋ ಕಂಡರೆ ದಪ್ಪ ಎಲ್ಲ ಕಡೆ ಒಂದೇ ಇಲ್ಲ. ಅಂಥ ತಂತಿ ಹಾಕಿದರೆ 12ನೇ ಮೆಟ್ಟಿಲಿನ ಷಡ್ಜ ಬಿಡಿ ತಂತಿಯ ಷಡ್ಜಕ್ಕೆ ಕೂಡುವುದಿಲ್ಲ. ಜನ ಮೇಳ (ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳ ಜೋಡಣೆ) ಕೆಟ್ಟಿದೆ ಎಂದು ವೀಣೆ ಹೊತ್ತುಕೊಂಡು ಹೋಗುತ್ತಾರೆ. ಹೊಸ ಸಾರಣಿಯಲ್ಲಿ ಮಾತ್ರ ಅಪಸ್ವರ, ಪಂಚಮ ಮಂದ್ರಗಳಲ್ಲಿ ಸರಿ ಎಂದಾದರೆ ಮೇಣವನ್ನು ಮುಟ್ಟಬೇಡಿ, ತಂತಿ ಬದಲಿಸಿ.

ಬೆಂಗಳೂರಿನ ಬಳೇಪೇಟೆಯ ವಾದ್ಯದಂಗಡಿಗಳಲ್ಲಿ ಸುರುಳಿಯಾಗಿಯೂ ಸೆಟ್ ಆಗಿಯೂ ಸಿಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಮನೆಗಳಿವೆ. ವೀಣೆಯನ್ನೇ ತೆಗೆದುಕೊಂಡು ಹೋಗಿ ತಂತಿಯ ದಪ್ಪ ಗೊತ್ತು ಮಾಡಿಸಿಕೊಂಡು ಬರುವುದಕ್ಕೆ ಅಂಥ ಜಾಗವೇ ಲೇಸು.

ತಂತಿ ಪದೇಪದೇ ತುಂಡಾಗುತ್ತಿದೆ, ಒಂದು ನಂಬರ್ ದಪ್ಪದ್ದು ಹಾಕಿದರೆ ತಡೆಯುತ್ತದೆಯೇ? (ದಾವಣಗೆರೆ)

ತಡೆಯುವುದಿಲ್ಲ. ಒಂದೇ ಉದ್ದ, ಒಂದೇ ಶ್ರುತಿ, ಒಂದೇ ಲೋಹವಾದರೆ ದಪ್ಪ ತಂತಿಗೆ ಹೆಚ್ಚು ಬಿಗಿ ಬೇಕಾಗುತ್ತದೆ. ಆ ಹೆಚ್ಚಿನ ಬಿಗಿ ಹೆಚ್ಚಿನ ಗಾತ್ರದಲ್ಲೇ ಹಂಚಿಹೋಗುತ್ತದೆ. ಲೋಹದ ಮೇಲಿನ ಒತ್ತಡ ತೆಳುವಿಗೂ ದಪ್ಪಕ್ಕೂ ಅಷ್ಟೇ. ದಪ್ಪ ಹಾಕಿ ನೀವು ಗಳಿಸುವುದು ಬೆರಳು ನೋವು ಮತ್ತು ಕುದುರೆಯ ಮೇಲೆ ಹೆಚ್ಚಿನ ಭಾರ.

ತುಂಡಾದ ಜಾಗ ನೋಡಿ, ಕಾರಣ ಅಲ್ಲೇ ಇರುತ್ತದೆ. ಬಿರಡೆಯ ಬಳಿ ತುಂಡಾದರೆ ತೂತಿನ ಅಂಚು ಚೂಪಾಗಿದೆ, ಇಲ್ಲವೇ ಸುತ್ತಿನ ಮೇಲೆ ಸುತ್ತು ಹತ್ತಿದೆ. ಮೂರು ನಾಲ್ಕು ಸುತ್ತು ಒಂದರ ಪಕ್ಕ ಒಂದು ಬರಲಿ, ಸಾಕು. ಮೇರುವಿನ ಬಳಿಯಾದರೆ ಕಚ್ಚು ಇಕ್ಕಟ್ಟಾಗಿದೆ. ಬಿರಡೆ ತಿರುಗಿಸುವಾಗ ಟಿಕ್ ಎಂದು ಸದ್ದಾಗಿ ಶ್ರುತಿ ಒಮ್ಮೆಲೇ ಹಾರುವುದು ಅದರ ಗುರುತು. ಕಚ್ಚಿಗೆ ಮೆದು ಪೆನ್ಸಿಲ್ ಉಜ್ಜಿ. ಮೆಟ್ಟಿಲ ಮೇಲೆ ತುಂಡಾದರೆ ಮೆಟ್ಟಿಲು ಸವೆದು ಗೀರು ಬಿದ್ದಿದೆ, ಅದಕ್ಕೆ ವಾದ್ಯಗಾರರ ಕೈಯೇ ಬೇಕು. ಕುದುರೆಯ ಮೇಲಾದರೆ ಲೋಹದ ತಗಡಿನಲ್ಲಿ ಗುಂಡಿ ಬಿದ್ದಿದೆ. ಮನೆಯಲ್ಲಿ ಉಪ್ಪುಕಾಗದ ಹಾಕಿ ತಿಕ್ಕಿದರೆ ನಾದ ಹೋಗುತ್ತದೆ, ಹಾಗೆ ಮಾಡಬೇಡಿ. ಲಂಗರಿನ ಕುಣಿಕೆಯಲ್ಲಿ ಬಿಚ್ಚಿಕೊಂಡರೆ ಹೊಸೆದದ್ದು ಸಾಲದು: ಎರಡು ಎಳೆಯನ್ನೂ ಸಮವಾಗಿ ಆರೇಳು ಸಲ ಹೊಸೆದು, ಉಳಿದ ತುದಿಯನ್ನು ನೇರ ಎಳೆಗೆ ಅಡ್ಡಲಾಗಿ ನಾಲ್ಕು ಸುತ್ತು ಒತ್ತಾಗಿ ಸುತ್ತಿ ಕತ್ತರಿಸಿ. ಒಂದೇ ಎಳೆ ಇನ್ನೊಂದರ ಮೇಲೆ ಹತ್ತಿದರೆ ಜಾರುತ್ತದೆ.

ಈಚೆಗೆ ಇನ್ನೊಂದು ಕಾರಣವೂ ಸೇರಿದೆ. ಫೋನಿನ ಟ್ಯೂನರ್ ನೋಡಿ ಶ್ರುತಿ ಮಾಡುವವರು ಅಕ್ಷರವನ್ನಷ್ಟೇ ನೋಡಿ ಸ್ಥಾಯಿಯನ್ನು ಮರೆಯುತ್ತಾರೆ. ಮೂರು ಮನೆಯ ಸಾರಣಿ 165 ಹರ್ಟ್ಸ್ ಸುಮಾರಿಗೆ ನಿಲ್ಲಬೇಕು. ಪರದೆಯಲ್ಲಿ ಇ ಬರಲಿಲ್ಲವೆಂದು ಮುಂದಿನ ಸ್ಥಾಯಿಗೆ ಎಳೆಯಹೊರಟರೆ ಬಿಗಿ ನಾಲ್ಕು ಪಟ್ಟಾಗಬೇಕು. ಅಷ್ಟಕ್ಕೆ ಮುಂಚೆಯೇ ತಂತಿ ಕೈ ಬಿಡುತ್ತದೆ. ಹೊಸ ತಂತಿ ಏರಿಸುವಾಗ ಮುಖವನ್ನು ದೂರ ಇಟ್ಟುಕೊಳ್ಳಿ.

ಪುರುಷರ ಗಾಯನಕ್ಕೆ ಒಂದು ಮನೆಗೆ ಪಿಟೀಲು ಇಳಿಸಿದರೆ ತಂತಿ ಸಡಿಲವಾಗಿ ಬಿಲ್ಲು ತಡವರಿಸುತ್ತದೆ. ಒಳ್ಳೆಯ ಕಂಪನಿಯ ತಂತಿಯನ್ನೇ ಹಾಕಿದ್ದೇನೆ. ಏನು ಮಾಡಲಿ? (ಉಡುಪಿ)

ಕಂಪನಿಯ ದೋಷವಲ್ಲ. ಪೆಟ್ಟಿಗೆಯಲ್ಲಿ ಬರುವ ಸೆಟ್ ಪಾಶ್ಚಾತ್ಯ ಶ್ರುತಿಯದು: ಜಿ, ಡಿ, ಎ, ಇ. ಐದು ಮನೆಯ ಗಾಯಕಿಗೆ ನುಡಿಸುವಾಗ ಸ–ಪ–ಸ–ಪ ಎಂದರೆ ಜಿ, ಡಿ, ಜಿ, ಡಿ. ಕೆಳಗಿನ ಎರಡು ತಂತಿ ಇದ್ದ ಹಾಗೇ, ಮೇಲಿನ ಎರಡು ಒಂದು ಪೂರ್ಣ ಸ್ವರ ಇಳಿಯುತ್ತವೆ, ಬಿಗಿ 79 ಶೇಕಡಾ ಉಳಿಯುತ್ತದೆ. ತೊಂದರೆ ಗೊತ್ತಾಗುವುದಿಲ್ಲ. ಒಂದು ಮನೆಗೆ ಬಂದರೆ ಸಿ, ಜಿ, ಸಿ, ಜಿ. ಬಿಗಿ ಶ್ರುತಿಯ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಕೆಳಗಿನ ಎರಡರಲ್ಲಿ 44 ಶೇಕಡಾ, ಮೇಲಿನ ಎರಡರಲ್ಲಿ ಬರೀ 35 ಶೇಕಡಾ ಬಿಗಿ ಉಳಿಯುತ್ತದೆ. ಆ ಸಡಿಲದಲ್ಲಿ ಬಿಲ್ಲನ್ನು ಒತ್ತಿದರೆ ಶ್ರುತಿಯೇ ಮೇಲಕ್ಕೆ ಸರಿಯುತ್ತದೆ, ಕಂಪಿತ ಗಮಕ ಬೇಕಾದ್ದಕ್ಕಿಂತ ಅಗಲವಾಗಿ ಕೇಳುತ್ತದೆ.

ಪರಿಹಾರ ಪ್ರತಿ ತಂತಿಯನ್ನೂ ಪಕ್ಕದ ತಂತಿಯ ಜಾಗಕ್ಕೆ ಸರಿಸುವುದು. ಎ ತಂತಿಯನ್ನು ಮೊದಲನೆಯ ಜಾಗಕ್ಕೆ ಹಾಕಿ ಜಿ ಮಾಡಿ. ಡಿ ತಂತಿ ಎರಡನೆಯ ಜಾಗದಲ್ಲಿ ಸಿ ಆಗುತ್ತದೆ. ಜಿ ತಂತಿ ಮೂರನೆಯದಾಗಿ ಇದ್ದ ಶ್ರುತಿಯಲ್ಲೇ ಇರುತ್ತದೆ. ನಾಲ್ಕನೆಯದಕ್ಕೆ ಸಿ ತಂತಿಯನ್ನು ಬೇರೆಯಾಗಿ ಕೊಳ್ಳಬೇಕು: ಐದು ತಂತಿಯ ಪಿಟೀಲಿಗೆಂದು ತಯಾರಾದದ್ದು ಸಿಕ್ಕರೆ ಅದೇ ಉತ್ತಮ, ಉದ್ದ ಸರಿಯಾಗಿ ಹೊಂದುತ್ತದೆ. ವಯೊಲಾದ ಸಿ ಹಾಕಬಹುದು, ಆದರೆ ಅದು ಉದ್ದವಾಗಿರುವುದರಿಂದ ಬಿರಡೆಯ ಪೆಟ್ಟಿಗೆಯಲ್ಲಿ ಸುತ್ತು ಹೆಚ್ಚಾಗಿ ಪಕ್ಕದ ಗೋಡೆಗೆ ಒತ್ತುತ್ತದೆ. ಪಿಟೀಲಿನ ನುಡಿಯುವ ಉದ್ದ ಸುಮಾರು 33 ಸೆಂ.ಮೀ., ವಯೊಲಾದ್ದು 37ರ ಸುಮಾರು. ಆದ್ದರಿಂದ ಬಿಗಿಯೂ ಐದರಲ್ಲಿ ಒಂದು ಪಾಲು ಕಡಿಮೆ.

ಇಷ್ಟಕ್ಕೇ ಮುಗಿಯದು. ಇ ತಂತಿಗೆ ಕೊರೆದ ತೆಳು ಕಚ್ಚಿನಲ್ಲಿ ಎ ತಂತಿ ಕೂರುವುದಿಲ್ಲ, ಸುತ್ತು ಸಿಪ್ಪೆ ಏಳುತ್ತದೆ. ಮೇಲ್ತುದಿಯ ಕಟ್ಟು, ಕುದುರೆ ಎರಡರಲ್ಲೂ ಕಚ್ಚು ಅಗಲಿಸಬೇಕು. ತಂತಿಯ ದಪ್ಪದ ಮೂರರಲ್ಲೊಂದು ಪಾಲು ಮಾತ್ರ ಒಳಗೆ ಕೂರುವಷ್ಟು. ಪಿಟೀಲು ರಿಪೇರಿಯವರಿಗೆ ಇದು ಅರ್ಧ ಗಂಟೆಯ ಕೆಲಸ. ಒಂದೇ ಪಿಟೀಲನ್ನು ಬೆಳಿಗ್ಗೆ ಐದೂವರೆ ಮನೆಯ ಶ್ರುತಿಗೆ, ಸಂಜೆ ಒಂದು ಮನೆಯ ಶ್ರುತಿಗೆ ಬಳಸುವವರಿಗೆ ಈ ಏರ್ಪಾಡು ಒಗ್ಗದು. ಅವರು ಎರಡನೇ ಪಿಟೀಲು ಇಟ್ಟುಕೊಳ್ಳುವುದೇ ಸರಿ.

ಯಾವ ಜಾತಿಯ ತಂತಿ? ಜಾರು ಗಮಕಕ್ಕೂ ಸೆಕೆಗೂ ಉಕ್ಕಿನ ಒಳತಂತಿಯದು ಅನುಕೂಲ. ಪಿರಾಸ್ಟ್ರೊದ ಕ್ರೋಮ್‌ಕೋರ್, ಡಿಯಾಡಾರಿಯೊದ ಪ್ರಿಲ್ಯೂಡ್ ಈ ಬಗೆಯವು. ಹೆಲಿಕೋರ್‌ನಲ್ಲಿ ಹಲವು ಎಳೆ ಉಕ್ಕು ಹೊಸೆದಿರುತ್ತದೆ, ಬೆರಳಿಗೆ ಸ್ವಲ್ಪ ಮೆದು. 1970ರಲ್ಲಿ ಬಂದ ಥೋಮಸ್ಟಿಕ್ ಡಾಮಿನೆಂಟ್‌ನಂಥ ಸಿಂಥೆಟಿಕ್ ತಂತಿಯ ನಾದ ದುಂಡಗಿದೆ, ಆದರೆ ಶ್ರುತಿ ಇಳಿಸಿದಾಗ ಬೇಗ ಮಂಕಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಉಕ್ಕು ಹಾಕಿದರೆ ಬಾಲಪಟ್ಟಿಯಲ್ಲಿ ನಾಲ್ಕಕ್ಕೂ ಫೈನ್ ಟ್ಯೂನರ್ ಇರಲಿ. ತುದಿಯಲ್ಲಿ ಗುಂಡು ಇರುವುದೋ ಕುಣಿಕೆ ಇರುವುದೋ ನೋಡಿ ಕೊಳ್ಳಿ. ನಿಮ್ಮ ಟ್ಯೂನರಿಗೆ ಹೊಂದದ್ದು ತಂದರೆ ವಾಪಸು ತೆಗೆದುಕೊಳ್ಳುವವರಿಲ್ಲ.

ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಕುದುರೆಯನ್ನೂ ಒಳಗಿನ ಸೌಂಡ್ ಪೋಸ್ಟನ್ನೂ ಹಿಡಿದಿರುವುದು ತಂತಿಯ ಒತ್ತಡ ಮಾತ್ರ, ಅಂಟಲ್ಲ. ಒಂದು ಬಿಚ್ಚಿ, ಹಾಕಿ, ಶ್ರುತಿಗೆ ತಂದು, ಆಮೇಲೆ ಇನ್ನೊಂದು. ಪ್ರತಿ ತಂತಿ ಏರಿಸಿದ ಮೇಲೆ ಪಕ್ಕದಿಂದ ನೋಡಿ: ಕುದುರೆ ಮೇಲ್ತುದಿಯ ಕಡೆಗೆ ವಾಲಿದ್ದರೆ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿ.

ಮಿರಜ್‌ನಿಂದ ತಂದ ತಂಬೂರಿಗೆ ಮೂರು ವರ್ಷದಿಂದ ಅದೇ ತಂತಿ. ಜೀವ ಹೋಗಿದೆ. ತಂತಿಯದೋ ದಾರದ್ದೋ? (ಹುಬ್ಬಳ್ಳಿ)

ಮೂರು ವರ್ಷದ ತಂತಿ ಎಂದಮೇಲೆ ಮೊದಲು ತಂತಿ ಬದಲಿಸಿ, ಆಮೇಲೆ ಯೋಚಿಸಿ. ಒಂದು ಮೀಟರ್ ಉದ್ದದ ಗಂಡುಶ್ರುತಿಯ ತಂಬೂರಿ ಒಂದೂವರೆ ಮನೆಗೆ ನಿಲ್ಲುವುದಾದರೆ ಪಂಚಮ 0.40 ಉಕ್ಕು, ಜೋಡಿ ಷಡ್ಜ ಎರಡೂ 0.30 ಉಕ್ಕು, ಮಂದ್ರ 0.55 ಹಿತ್ತಾಳೆ. ಹೀಗೆ ಹಾಕಿದರೆ ನಾಲ್ಕು ತಂತಿಯ ಬಿಗಿಯೂ 4 ಕಿಲೊ ಹತ್ತಿರ ಸಮನಾಗಿ, ಬೆರಳಿಗೆ ನಾಲ್ಕೂ ಒಂದೇ ತೂಕದಲ್ಲಿ ಸಿಗುತ್ತವೆ. 85 ಸೆಂ.ಮೀ. ಉದ್ದದ, ಐದೂವರೆಯ ಹೆಣ್ಣುಶ್ರುತಿಯದಕ್ಕೆ ಪಂಚಮ 0.32, ಜೋಡಿ 0.25, ಮಂದ್ರ 0.45 ಹಿತ್ತಾಳೆ. ಜೋಡಿಗೂ ಹಿತ್ತಾಳೆ ಹಾಕಿದರೆ ನಾದ ಮೃದುವಾದೀತು ಎಂದು ಕೆಲವರು ಪ್ರಯತ್ನಿಸುತ್ತಾರೆ. ಐದೂವರೆಗೆ ಏರುವ ಮೊದಲೇ ಅದು ಹರಿಯುತ್ತದೆ, ಹಿತ್ತಾಳೆಗೆ ಆ ಶಕ್ತಿ ಇಲ್ಲ.

ತಂತಿ ಹಾಕಿ ಒಂದು ದಿನ ಬಿಟ್ಟು, ದಾರವಿಲ್ಲದೆ ಶ್ರುತಿ ಕೂಡಿಸಿ. ಶ್ರುತಿ ತಿದ್ದುವ ಮಣಿಗಳನ್ನು ಅವುಗಳ ಓಟದ ನಡುವೆ ನಿಲ್ಲಿಸಿ. ಈಗ ಒಂದೊಂದಾಗಿ ಹತ್ತಿ ದಾರವನ್ನು ತಂತಿಗೂ ಕುದುರೆಗೂ ನಡುವೆ ಸೇರಿಸಿ, ಮೀಟುತ್ತಲೇ ಕೂದಲೆಳೆಯಷ್ಟು ಸರಿಸಿ. ಒಂದು ಜಾಗದಲ್ಲಿ ನಾದ ಮುಚ್ಚಿಕೊಂಡಿರುತ್ತದೆ, ಸ್ವಲ್ಪ ಸರಿದರೆ ಕರಕರ ಎನ್ನುತ್ತದೆ, ಎರಡರ ನಡುವೆ ಅರ್ಧ ಮಿಲಿಮೀಟರ್ ಅಗಲದಲ್ಲಿ ಝೇಂಕಾರ ತೆರೆದುಕೊಳ್ಳುತ್ತದೆ. ದಾರ ಕೂತ ಮೇಲೆ ಶ್ರುತಿ ಚೂರು ಬದಲಾಗಿರುತ್ತದೆ, ಅದನ್ನು ಮಣಿಯಿಂದ ಸರಿಮಾಡಿ. ದಾರ ದಪ್ಪವಿದ್ದರೆ ಒಂದೆಳೆ ಬಿಚ್ಚಿ ತೆಗೆಯಿರಿ. ಹೊಸ ತಂತಿ, ಹೊಸ ದಾರ ಎರಡೂ ಇದ್ದು ಆ ಜಾಗವೇ ಸಿಗದಿದ್ದರೆ ಕುದುರೆಯ ಮೇಲ್ಮೈ ಸವೆದಿದೆ. ಜವಾರಿ ಮಾಡುವವರ (ಆ ಮೇಲ್ಮೈಯನ್ನು ತಿದ್ದುವವರ) ಬಳಿಗೆ ಹೋಗಬೇಕು.

ವೀಣೆ ಶೇಷಣ್ಣನವರ ಶತಮಾನದ ಕಾರ್ಯಕ್ರಮ 2026ರಲ್ಲಿ ಎನ್ನುತ್ತಾರೆ. ಅವರು ಹುಟ್ಟಿದ್ದು 1852 ಅಲ್ಲವೇ? (ಮೈಸೂರು)

ಹುಟ್ಟಿದ್ದು 1852, ತೀರಿಕೊಂಡದ್ದು 1926. 2026 ಪುಣ್ಯತಿಥಿಯ ನೂರನೇ ವರ್ಷ. ಆಮಂತ್ರಣದಲ್ಲಿ "ಜನ್ಮಶತಮಾನೋತ್ಸವ" ಎಂದು ಅಚ್ಚಾಗದಂತೆ ನೋಡಿಕೊಳ್ಳಿ. ಅದು ಎಂದೋ ಮುಗಿದಿದೆ. ಆರಾಧನೆಯ ಕ್ರಮಸಂಖ್ಯೆಯ ಲೆಕ್ಕವೂ ಹೀಗೆಯೇ: ತ್ಯಾಗರಾಜರ ಮೊದಲ ವಾರ್ಷಿಕ ತಿಥಿ 1848ರಲ್ಲಿ ಬಿದ್ದದ್ದರಿಂದ 2026ರದು 179ನೆಯದು. 1847ನ್ನೂ ಸೇರಿಸಿ 180 ಎಂದು ಬ್ಯಾನರ್ ಬರೆಸುವವರಿದ್ದಾರೆ.

ಅಮೆರಿಕದಲ್ಲಿದ್ದೇವೆ. ಮಗಳ ವೀಣೆಗೆ ಇಲ್ಲಿ ತಂತಿ ಸಿಗುವುದಿಲ್ಲ, ಗಿಟಾರ್ ತಂತಿ ಆಗುತ್ತದೆಯೇ? (ನ್ಯೂಜೆರ್ಸಿ)

ದಪ್ಪ ಹೊಂದುತ್ತದೆ, ಉದ್ದ ಸಾಲದು. ಅಲ್ಲಿ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತಾರೆ: 16 ಎಂದರೆ 0.41 ಮಿ.ಮೀ., 17 ಎಂದರೆ 0.43, ಸಾರಣಿಗೆ ಸರಿ. 20 ಎಂದರೆ 0.51, ಪಂಚಮಕ್ಕೆ ಸರಿ. 11, 12 ತಾಳಕ್ಕೆ. ಆದರೆ ಗಿಟಾರ್ ತಂತಿ ಒಟ್ಟು ಒಂದು ಮೀಟರ್ ಸುಮಾರು. ವೀಣೆಯ ಲಂಗರಿನ ಉಂಗುರದಿಂದ ಬಿರಡೆಯವರೆಗೆ ದಾರ ಹಿಡಿದು ಅಳೆದು, ಕುಣಿಕೆಗೂ ಸುತ್ತಿಗೂ 20 ಸೆಂ.ಮೀ. ಕೂಡಿಸಿ ನೋಡಿ, ಉದ್ದನೆಯ ನಾಲ್ಕಕ್ಕೂ ಸಾಲದೆಂದು ಗೊತ್ತಾಗುತ್ತದೆ. ಬಿರಡೆ ಹತ್ತಿರವಿರುವ ತಾಳದ ತಂತಿಗೆ ಮಾತ್ರ ಸಾಕಾಗುತ್ತದೆ. ಸಾರಣಿ, ಪಂಚಮಕ್ಕೆ ಮ್ಯೂಸಿಕ್ ವೈರ್ ಮಾರುವವರ ಬಳಿ ಬರಿಯ ಉಕ್ಕಿನ ಸುರುಳಿ ಸಿಗುತ್ತದೆ. ನಂಬರ್ ಹೇಳದೆ 0.016 ಅಥವಾ 0.020 ಇಂಚು ಎಂದೇ ಕೇಳಿ. ಸುತ್ತು ತಂತಿಯನ್ನು ಊರಿಂದ ಬರುವವರ ಕೈಯಲ್ಲಿ ನಾಲ್ಕು ಜೊತೆ ತರಿಸಿಕೊಂಡು, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಇಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಒಣಹವೆಗೆ ಬಿರಡೆ ಕುಗ್ಗಿ ಜಾರಿದರೆ ಸೀಮೆಸುಣ್ಣ ತಿಕ್ಕಿ. ತಂತಿ ಕೆಟ್ಟಿದೆಯೆಂದು ಬದಲಿಸುತ್ತ ಕೂರಬೇಡಿ.

ತಂತಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದೇ? (ತುಮಕೂರು)

ವೀಣೆಗೆ ಹಚ್ಚಬಹುದು, ಹಚ್ಚಬೇಕು. ಹತ್ತಿಗೆ ಒಂದೆರಡು ತೊಟ್ಟು ಹಾಕಿ, ಎಡಗೈಯ ಎರಡು ಬೆರಳ ತುದಿಗೆ ಮಾತ್ರ. ಮುಗಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಮೆಟ್ಟಿಲ ತಲೆಯನ್ನೂ ಒರೆಸಿ. ಬೆವರು ಎಣ್ಣೆಯ ಜೊತೆ ಸೇರಿ ಕಪ್ಪು ಕಿಟ್ಟ ಕಟ್ಟುವುದು ಅಲ್ಲಿ. ಎಣ್ಣೆ ಮೆಟ್ಟಿಲ ಬುಡದ ಮೇಣಕ್ಕೆ ಇಳಿಯಬಾರದು, ಮೇಣ ಮೆದುವಾಗುತ್ತದೆ. ಪಿಟೀಲಿಗೆ ಎಣ್ಣೆಯ ಹತ್ತಿರವೂ ಹೋಗಬೇಡಿ. ಬಿಲ್ಲಿನ ಕೂದಲಿಗೆ ಒಂದು ತೊಟ್ಟು ತಗುಲಿದರೂ ರಾಳ ಹಿಡಿಯುವುದಿಲ್ಲ, ಕೂದಲನ್ನೇ ಬದಲಿಸಬೇಕಾಗುತ್ತದೆ.